ಪರ್ಲ್ ಭಾಷೆಯ ಜಾತಕ

ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಹತ್ತು ಕಡೆ ವಿಚಾರಿಸಬೇಕು ಎಂದು ಎಲ್ಲ ಅಪ್ಪಂದಿರೂ ಹೇಳುತ್ತಾರೆ. ಸಿ.ವಿ. ರಾಮನ್ ನಗರದ ಚಂದ್ರಶೇಖರಯ್ಯನವರು ಮಾತ್ರ ಅದನ್ನು ಬಾಯಿಮಾತಿಗೆ ಬಿಡದೆ ಉದ್ಯೋಗವಾಗಿಯೇ ಹಿಡಿದಿದ್ದರು. ಮಗಳು ಶ್ರೇಯಾಳಿಗೆ ಗಂಡು ಹುಡುಕಲು ಹೊರಟಾಗಿನಿಂದ ಅವರು ಹುಡುಗರ ಬೀದಿಯ ಇಸ್ತ್ರಿ ಅಂಗಡಿ, ಹಾಲಿನ ಬೂತು, ಆಫೀಸಿನ ಸೆಕ್ಯುರಿಟಿ ಯಾವುದನ್ನೂ ಬಿಟ್ಟಿರಲಿಲ್ಲ. ಒಬ್ಬ ಹುಡುಗನ ತಂದೆ ಬಾಡಿಗೆಯವರಿಗೆ ಸರಿಯಾಗಿ ನೀರು ಬಿಡುವುದಿಲ್ಲ ಎಂದು ತಿಳಿದು ಆ ಸಂಬಂಧವನ್ನು ಕೈಬಿಟ್ಟರು. ಇನ್ನೊಬ್ಬ ಹುಡುಗ, ವಯಸ್ಸಾದ ಆಟೊ ಚಾಲಕನೊಬ್ಬನನ್ನು ಏಕವಚನದಲ್ಲಿ ಗದರಿದ್ದನ್ನು ಕಿವಿಯಾರೆ ಕೇಳಿ, ಅವನ ಮನೆಯ ಗೇಟು ಕೂಡ ಮುಟ್ಟದೆ ವಾಪಸು ಬಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಮ್ಮೆಜಮಾನರು ಒಂದು ಸುಳ್ಳು ಸಿಕ್ಕಿದರೆ ಸಾವಿರ ಮದುವೆ ಬಿಡಿಸುತ್ತಾರೆ ಎಂದು ಅವರ ಹೆಂಡತಿ ವಿಮಲಾಕ್ಷಿ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಕೇದಾರನ ಸಂಬಂಧ ಬಂತು. ಹುಡುಗ ದಾವಣಗೆರೆ ಕಡೆಯವನು. ತಂದೆ ಇಲ್ಲ, ತಾಯಿ ಶೇಷಮ್ಮ ಊರಲ್ಲಿ ಶಾಲೆಯ ಹೆಡ್‌ಮಿಸ್ಟ್ರೆಸ್. ಇವನು ಜೋಗುಪಾಳ್ಯದಲ್ಲಿ ಒಂದು ರೂಮು ಮಾಡಿಕೊಂಡು ಇಂದಿರಾನಗರದ ಕಂಪನಿಯೊಂದಕ್ಕೆ ಹೋಗುತ್ತಿದ್ದ. ಚಂದ್ರಶೇಖರಯ್ಯನವರು ಎಂದಿನಂತೆ ಜೋಗುಪಾಳ್ಯದ ಗಲ್ಲಿಗಳನ್ನೆಲ್ಲ ಸೋಸಿದರು. ರೂಮಿನ ಓನರ್ ಹೊಗಳಿದ. ಊಟದ ಮೆಸ್ಸಿನಾಕೆ ಹೊಗಳಿದಳು. ಹೊಗಳಿಕೆ ಕೇಳಿ ಕೇಳಿ ಬೇಸತ್ತ ಮಾವನಾಗುವವರಿಗೆ ಕೊನೆಗೆ ಹುಡುಗನ ಬಯೋಡೇಟಾದಲ್ಲಿ ಒಂದು ಪದ ಸಿಕ್ಕಿತು. ಉದ್ಯೋಗ ಎಂಬಲ್ಲಿ ‘ಪರ್ಲ್ ಪ್ರೋಗ್ರಾಮರ್’ ಎಂದಿತ್ತು.

"ಜಾವಾ ಕೇಳಿದೀನಿ. ಡಾಟ್ ನೆಟ್ ಕೇಳಿದೀನಿ. ಇದ್ಯಾವುದೇ ಇದು ಪರ್ಲ್?" ಎಂದರು ಹೆಂಡತಿಯ ಹತ್ತಿರ.

"ಕಂಪ್ಯೂಟರ್ ಭಾಷೆ ಇರ್ಬೇಕು ಬಿಡ್ರೀ. ಜಾತಕ ಕೂಡಿದೆ, ಶ್ರೇಯಾ ಅವನ ಹತ್ರ ಮಾತಾಡಿ ನಗ್ತಾ ಫೋನ್ ಇಟ್ಟಿದಾಳೆ. ಇನ್ನೇನು ಬೇಕು ನಿಮಗೆ?"

ಬೇಕಾಗಿದ್ದು ಏನೆಂದು ವಿಮಲಾಕ್ಷಿಗೂ ಗೊತ್ತಿತ್ತು. ಚಂದ್ರಶೇಖರಯ್ಯನವರು ಕೆ.ಆರ್. ಪುರದ ಕಡೆಯ ದೂರವಾಣಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೀವು ಡಯಲ್ ತಿರುಗಿಸಿದಷ್ಟೂ ಒಂದೊಂದು ಅಂಕಿಗೆ ಒಂದೊಂದು ಯಂತ್ರ ಟಕಟಕ ಎಂದು ಮೆಟ್ಟಿಲು ಹತ್ತಿ ಲೈನು ಹುಡುಕಿ ಕೊಡುತ್ತಿತ್ತು. ಅದಕ್ಕೆ ಸೆಲೆಕ್ಟರ್ ಎಂದು ಹೆಸರು, ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಅದೇ. ಕಣ್ಣು ಮುಚ್ಚಿ ಸದ್ದು ಕೇಳಿಯೇ ಯಾವ ಸೆಲೆಕ್ಟರಿಗೆ ಎಣ್ಣೆ ಬೇಕು ಎಂದು ಹೇಳುತ್ತಿದ್ದ ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ತಲೆ ಮೇಲೆ ಹೊತ್ತುಕೊಂಡಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂತು. ಸೆಲೆಕ್ಟರುಗಳು ಗುಜರಿಗೆ ಹೋದವು, ಇವರು ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು.

ತಮ್ಮ ಕೆಲಸವನ್ನು ಹೊಸ ಯಂತ್ರ ತಿಂದುಹಾಕಿತು ಎಂಬಲ್ಲಿಗೆ ಅವರು ಈ ಕಥೆಯನ್ನು ಮುಗಿಸುತ್ತಾರೆ. ಅವರು ಬಿಟ್ಟುಬಿಡುವ ಭಾಗವನ್ನು ವಿಮಲಾಕ್ಷಿ ಬಲ್ಲರು. ಕಾರ್ಖಾನೆಯವರು ಹೊಸದನ್ನು ಕಲಿಯಿರಿ ಎಂದು ಆರು ತಿಂಗಳ ಟ್ರೈನಿಂಗ್ ಕೊಡಲು ತಯಾರಿದ್ದರು. ಕಲಿಸುವವರು ಆಗಷ್ಟೇ ಕಾಲೇಜು ಬಿಟ್ಟ ಹುಡುಗರು. ಅವರ ಮುಂದೆ ಬೆಂಚಿನ ಮೇಲೆ ಕೈಕಟ್ಟಿ ಕೂರುವುದೇ ಎಂದು ಚಂದ್ರಶೇಖರಯ್ಯನವರು ಒಂದು ದಿನವೂ ಅತ್ತ ತಲೆಹಾಕಲಿಲ್ಲ. ಹೋಗಿ ಕೂತಿದ್ದ ಅವರ ಗೆಳೆಯ ಅಮೃತಪ್ಪ ಇಂಜಿನಿಯರುಗಳ ಸಮಕ್ಕೆ ದುಡಿದು ಗೌರವವಾಗಿ ನಿವೃತ್ತರಾದರು. ಇವರು ಹದಿನೈದು ವರ್ಷದಿಂದ ಮನೆಯ ವರಾಂಡದಲ್ಲಿ ಮುಖ ಗಂಟು ಹಾಕಿಕೊಂಡು ಪೇಪರು ಓದುತ್ತಿದ್ದಾರೆ. ಮನೆಯಲ್ಲಿ ಯಾರೂ ಆ ಟ್ರೈನಿಂಗಿನ ಮಾತೆತ್ತುವ ಹಾಗಿಲ್ಲ. ಮಗಳ ಗಂಡನ ಕೈಯಲ್ಲಿರುವ ವಿದ್ಯೆಯಾದರೂ ಅವನು ಇರುವಷ್ಟು ಕಾಲ ಇರಲಿ, ನನ್ನ ಮಗಳು ಅವಳಮ್ಮನಂತೆ ವರಾಂಡದ ಕಡೆ ನೋಡಿಕೊಂಡು ಬದುಕುವುದು ಬೇಡ ಎಂಬುದು ಅವರ ಒಂದೇ ಹಟ.

ಹೀಗಾಗಿ ಅವರು ಹುಡುಗನನ್ನು ಬಿಟ್ಟು ಅವನ ಭಾಷೆಯನ್ನು ವಿಚಾರಿಸಲು ಹೊರಟರು. ಅಮೃತಪ್ಪನ ತಮ್ಮನ ಮಗ ಮಾರತ್ತಹಳ್ಳಿಯ ದೊಡ್ಡ ಕಂಪನಿಯಲ್ಲಿದ್ದ. ಅವನು ಫೋನಿನಲ್ಲೇ ನಕ್ಕುಬಿಟ್ಟ.

"ಪರ್ಲಾ ಅಂಕಲ್? ಮುಂಚೆ ವೆಬ್‌ಸೈಟ್ ಹಿಂದೆ ಕೂತು ಕೆಲಸ ಮಾಡ್ತಿದ್ದಿದ್ದೇ ಅದು. ನೀವು ಫಾರ್ಮ್ ತುಂಬಿ ಬಟನ್ ಒತ್ತಿದ್ರೆ ಒಳಗಡೆ ತಗೊಳ್ತಿತ್ತಲ್ಲ, ಅದೇ ಪರ್ಲು. ಈಗ ನಮ್ಮ ಕಡೆ ಯಾರೂ ಹೊಸದಾಗಿ ಬರೆಯಲ್ಲ. ಹಳೇದಕ್ಕೆ ಪ್ಯಾಚ್ ಹಾಕ್ಕೊಂಡಿರ್ತಾರೆ ಅಷ್ಟೆ."

ಅಷ್ಟೆ ಎಂಬ ಮಾತು ಚಂದ್ರಶೇಖರಯ್ಯನವರ ಎದೆಗೆ ನಾಟಿತು. ಸೆಲೆಕ್ಟರುಗಳ ಕೊನೆಯ ದಿನಗಳಲ್ಲೂ ಜನ ಹೀಗೇ ಅನ್ನುತ್ತಿದ್ದರು. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಗಾಜಿನ ಬಾಗಿಲಿನ ಕಂಪ್ಯೂಟರ್ ತರಬೇತಿ ಕೇಂದ್ರಗಳನ್ನೂ ಅವರು ಹತ್ತಿ ಇಳಿದರು. ಎಲ್ಲ ಕಡೆಯೂ ಗೋಡೆಯ ತುಂಬ ಜಾವಾ. ಪರ್ಲ್ ಎಂದೊಡನೆ ರಿಸೆಪ್ಷನ್ ಹುಡುಗಿ, ಆ ಬ್ಯಾಚ್ ನಿಲ್ಸಿ ಎರಡು ವರ್ಷ ಆಯ್ತು ಸಾರ್, ಯಾರ್ ಸೇರ್ತಾರೆ ಎಂದು ಕನಿಕರದಿಂದ ನೋಡಿದಳು. ಉಳಿದದ್ದು ಒಂದೇ ವಿಳಾಸ. ಹುಡುಗನ ಬಯೋಡೇಟಾದಲ್ಲಿ, ಪರ್ಲ್ ಕಲಿತದ್ದು ಶಿವಾಜಿನಗರದ ಶರ್ಫುನ್ನೀಸಾ ಮೇಡಂ ಹತ್ತಿರ ಎಂದು ಬರೆದಿತ್ತು. ಅವನು ಅದನ್ನು ಇಂಜಿನಿಯರಿಂಗ್ ಡಿಗ್ರಿಗಿಂತ ಮೇಲಿನ ಸಾಲಿನಲ್ಲಿ ಬರೆದಿದ್ದ. ಹುಡುಗನ ಗುರುಮನೆಯನ್ನೇ ನೋಡಿಬಿಡೋಣ ಎಂದು ಚಂದ್ರಶೇಖರಯ್ಯನವರು ಶಿವಾಜಿನಗರದ ಬಸ್ಸು ಹತ್ತಿದರು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿ, ಅದರ ಮೇಲೆ ಕ್ಲಾಸು. ಬೋರ್ಡಿನಲ್ಲಿದ್ದ ನಾಲ್ಕೈದು ಭಾಷೆಗಳ ಹೆಸರು ಬಿಸಿಲಿಗೆ ಮಾಸಿದ್ದವು. ಪರ್ಲ್ ಎಂಬುದೊಂದಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರು. ಒಳಗೆ ಐವತ್ತರ ಆಸುಪಾಸಿನ, ದಪ್ಪ ಕನ್ನಡಕದ ಹೆಂಗಸೊಬ್ಬರು ಬಿಳಿ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಕೀಬೋರ್ಡಿನ ಧೂಳು ಒರೆಸುತ್ತಿದ್ದರು. ಅವರೇ ಶರ್ಫುನ್ನೀಸಾ.

"ಹೇಳಿ ಸಾರ್, ಮಗನ್ನ ಸೇರಿಸಬೇಕಾ?"

ಚಂದ್ರಶೇಖರಯ್ಯನವರು ಗಡಿಬಿಡಿಗೊಂಡರು. ನಿಮ್ಮ ಶಿಷ್ಯನಿಗೆ ಹೆಣ್ಣು ಕೊಡುವವನಿದ್ದೇನೆ ಎಂದರೆ ಇವರೂ ಹೊಗಳುತ್ತಾರೆ. ಆ ಗಡಿಬಿಡಿಯಲ್ಲಿ, "ಇಲ್ಲಮ್ಮ, ನಾನೇ ಸೇರ್ಬೇಕು ಅಂತ" ಎಂದುಬಿಟ್ಟರು.

"ನೀವಾ? ಅರೆ, ಯಾಕೆ?"

"ರಿಟೈರ್ ಆಗಿದೀನಿ. ಹೊತ್ತು ಹೋಗ್ಬೇಕಲ್ಲ."

"ಹೊತ್ತು ಹೋಗ್ಬೇಕು ಅಂದ್ರೆ ಕಬ್ಬನ್ ಪಾರ್ಕ್ ಇದೆ ಸಾರ್. ಇಲ್ಲಿ ಬಂದ್ರೆ ಹೊತ್ತು ಹೋಗಲ್ಲ, ತಲೆ ಹೋಗುತ್ತೆ. ಹೋಮ್‌ವರ್ಕ್ ಮಾಡ್ದೆ ಬಂದೋರನ್ನ ನಾನು ವಯಸ್ಸು ನೋಡಲ್ಲ, ಹೊರಗೆ ನಿಲ್ಲಿಸ್ತೀನಿ. ಹೆಸರು ಹೇಳಿ."

"ಶೇಖರ್" ಎಂದರು. ಸುಳ್ಳು ಹೇಳಿದವರನ್ನು ಒಂದೇ ಏಟಿಗೆ ತಳ್ಳಿಹಾಕುತ್ತಿದ್ದ ಮನುಷ್ಯ ಹೀಗೆ ಅರ್ಧ ಹೆಸರು ಕೊಟ್ಟು ಶಿವಾಜಿನಗರದ ಬೆಂಚಿನ ಮೇಲೆ ಕುಳಿತರು.

ನಾಲ್ಕು ದಿನ ಹೋಗಿ ಭಾಷೆಯ ನಾಡಿ ಹಿಡಿದು ನೋಡಿ, ಸಂಬಂಧ ಬೇಡ ಎನ್ನಲು ಒಂದು ಕಾರಣ ಸಂಪಾದಿಸಿ ಬಿಟ್ಟುಬಿಡುವುದೆಂದು ಅವರ ಲೆಕ್ಕ. ಮೊದಲ ದಿನ ಪರದೆಯ ಮೇಲೆ ಡಾಲರ್ ಗುರುತು, ಕೊಕ್ಕೆ, ಚುಕ್ಕಿ, ಓರೆಗೆರೆಗಳನ್ನು ನೋಡಿ ಇರುವೆ ಮಸಿಯಲ್ಲಿ ಬಿದ್ದು ಓಡಾಡಿದೆಯೇನೋ ಅನ್ನಿಸಿತು. ಜೊತೆಗಿದ್ದವರು ಮೂವರೇ ಹುಡುಗರು. ಪಕ್ಕದಲ್ಲಿ ಕೂರುತ್ತಿದ್ದ ಶಫಿ ಎಂಬವನು, "ಭಯ ಬೀಳ್ಬೇಡಿ ಅಂಕಲ್, ನಂಗೂ ಏನೂ ಗೊತ್ತಾಗ್ತಿಲ್ಲ" ಎಂದು ಸಮಾಧಾನ ಮಾಡಿದ.

ಎರಡನೆಯ ವಾರ ಶರ್ಫುನ್ನೀಸಾ ಮೇಡಂ ಪತ್ರಿಕೆಯ ಒಂದಿಡೀ ಪುಟದ ಸಣ್ಣ ಜಾಹೀರಾತುಗಳನ್ನು ಕಂಪ್ಯೂಟರಿಗೆ ತುಂಬಿಸಿ, ಒಂದೇ ಸಾಲು ಬರೆದು, ಅದರೊಳಗಿನ ಫೋನ್ ನಂಬರುಗಳನ್ನಷ್ಟೇ ಹೆಕ್ಕಿ ತೋರಿಸಿದರು. ಜಾಹೀರಾತು ಕೊಟ್ಟವರು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಮಧ್ಯೆ ಗೆರೆ ಹಾಕಿದವರು, ಜಾಗ ಬಿಟ್ಟವರು, ಸೊನ್ನೆ ಎಂಟು ಸೊನ್ನೆ ಎಂಬ ಊರಿನ ಕೋಡು ಸೇರಿಸಿದವರು, ಬಿಟ್ಟವರು. ಆ ಒಂದು ಸಾಲು ಯಾರನ್ನೂ ಬಿಡಲಿಲ್ಲ.

"ಇದು ಹೆಂಗೆ ನೋಡುತ್ತೆ ಗೊತ್ತಾ?" ಎಂದರು ಮೇಡಂ. "ಒಂದೊಂದೇ ಅಕ್ಷರ ಮುಟ್ಕೊಂಡು ಮುಂದೆ ಹೋಗುತ್ತೆ. ಅಂಕಿ ಸಿಕ್ತಾ, ಒಂದು ಹೆಜ್ಜೆ. ಇನ್ನೊಂದು ಸಿಕ್ತಾ, ಇನ್ನೊಂದು ಹೆಜ್ಜೆ. ದಾರಿ ಬಂದ್ ಆಯ್ತು ಅಂದ್ರೆ ಬೇಜಾರಿಲ್ಲ, ವಾಪಸ್ ಬಂದು ಪಕ್ಕದ ದಾರಿ ನೋಡುತ್ತೆ."

ಚಂದ್ರಶೇಖರಯ್ಯನವರು ಎದ್ದು ನಿಂತುಬಿಟ್ಟರು. "ಸೆಲೆಕ್ಟರ್! ಮೇಡಂ, ಇದು ನಮ್ಮ ಸೆಲೆಕ್ಟರ್ ಕಣಮ್ಮ! ಒಂದಂಕಿಗೆ ಒಂದ್ ಮೆಟ್ಟಿಲು. ಲೈನ್ ಬಿಝಿ ಇದ್ರೆ ಪಕ್ಕದ ಲೈನಿಗೆ ಜಿಗೀತಿತ್ತು." ಹೇಳುತ್ತ ಹೇಳುತ್ತ ಅವರು ಬಾಯಿಂದ ಟಕಟಕ ಸದ್ದು ಮಾಡಿ, ಎರಡು ಬೆರಳನ್ನು ಗಾಳಿಯಲ್ಲಿ ಮೆಟ್ಟಿಲು ಹತ್ತಿಸಿ ತೋರಿಸಿದರು. ಹುಡುಗರು ನಕ್ಕರು. ಶರ್ಫುನ್ನೀಸಾ ನಗಲಿಲ್ಲ. ಕುರ್ಚಿ ಎಳೆದು ಕೂತು, ಆ ಯಂತ್ರದ ಬಗ್ಗೆ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಹದಿನೈದು ವರ್ಷಗಳಲ್ಲಿ ಚಂದ್ರಶೇಖರಯ್ಯನವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಂದು ಬಸ್ಸಿನಲ್ಲಿ ಹಲಸೂರು ಕೆರೆ ದಾಟಿದ್ದೂ ಅವರಿಗೆ ತಿಳಿಯಲಿಲ್ಲ, ಅಷ್ಟು ಖುಷಿಯಾಗಿದ್ದರು.

ಅಲ್ಲಿಂದ ಅವರು ಗೂಢಚಾರಿಕೆ ಮರೆತು ವಿದ್ಯಾರ್ಥಿಯಾದರು. ಹುಣಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ? ಶ್ರೇಯಾಳ ಕಂಪ್ಯೂಟರಿನ ಮುಂದೆ ಬೆಳಿಗ್ಗೆಯೇ ಕೂತುಬಿಡುತ್ತಿದ್ದರು. ತಿಂಡಿ ಆರಿಹೋಗ್ತಿದೆ ಎಂದು ವಿಮಲಾಕ್ಷಿ ಕೂಗಿದರೆ, ತಡೆಯೇ, ಒಂದು ಕೊಕ್ಕೆ ತಪ್ಪಿದೆ ಎನ್ನುತ್ತಿದ್ದರು. ಅವರಿಗೆ ತುಂಬ ಹಿಡಿಸಿದ್ದು ಆ ಕ್ಲಾಸಿನ ಒಂದು ಪದ್ಧತಿ. ಪರ್ಲಿನಲ್ಲಿ ಒಂದೇ ಕೆಲಸವನ್ನು ಹತ್ತು ಥರ ಮಾಡಬಹುದು. ಶನಿವಾರ ಮೇಡಂ ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟು, ತಂತಮ್ಮ ದಾರಿಯಲ್ಲಿ ಬರೆಸುತ್ತಿದ್ದರು. ಆಮೇಲೆ ಒಬ್ಬರು ಬರೆದದ್ದನ್ನು ಪಕ್ಕದವರು ಗಟ್ಟಿಯಾಗಿ ಓದಬೇಕು. ತಪ್ಪು ಹೇಳುವ ಮುಂಚೆ ಅದರಲ್ಲಿ ಮೆಚ್ಚುವಂಥದ್ದು ಒಂದನ್ನಾದರೂ ಹುಡುಕಿ ಹೇಳಲೇಬೇಕು. ಚಂದ್ರಶೇಖರಯ್ಯನವರ ಮಾರುದ್ದದ ಪ್ರೋಗ್ರಾಮನ್ನು ಓದಿದ ಶಫಿ ಬಹಳ ಹೊತ್ತು ತಲೆ ಕೆರೆದುಕೊಂಡ.

"ಅಂಕಲ್ ಇಟ್ಟಿರೋ ಹೆಸರುಗಳೆಲ್ಲ ಚೆನ್ನಾಗವೆ ಮೇಡಂ. ಯಾವ್ದು ಏನ್ ಕೆಲ್ಸ ಮಾಡ್ತದೆ ಅಂತ ನೋಡಿದ್ ತಕ್ಷಣ ಗೊತ್ತಾಗ್ತದೆ."

"ಶಾಬಾಶ್. ಈಗ ತಪ್ಪು ಹೇಳು."

"ಓಡೋದಿಲ್ಲ ಮೇಡಂ."

ಎಲ್ಲರಿಗಿಂತ ಜೋರಾಗಿ ನಕ್ಕವರು ಚಂದ್ರಶೇಖರಯ್ಯನವರೇ.

ಕಾರ್ಖಾನೆಯ ಆ ಟ್ರೈನಿಂಗಿನಲ್ಲಿ ಇಂಥ ಒಬ್ಬ ಮೇಡಂ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಇದ್ದರೋ ಇಲ್ಲವೋ, ಹೋಗಿ ನೋಡಿದ್ದರಲ್ಲವೇ ಗೊತ್ತಾಗುವುದು ಎಂದೂ ಅನ್ನಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಡುತ್ತಿದ್ದರು.

ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಆಷಾಢ ಹುಟ್ಟುವ ಮುಂಚೆ ಮಾತು ಮುಗಿಯಬೇಕು ಎಂದು ಶೇಷಮ್ಮ ದಾವಣಗೆರೆಯಿಂದ ಹೇಳಿಕಳಿಸಿದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಅದಕ್ಕೆ ಹಿಂದಿನ ಭಾನುವಾರ ಶರ್ಫುನ್ನೀಸಾ ಮೇಡಂ, ಇವತ್ತು ನನ್ನ ಹಳೇ ಸ್ಟೂಡೆಂಟ್ ಒಬ್ಬರು ಪಾಠ ಮಾಡ್ತಾರೆ, ತಿಂಗಳಿಗೊಂದ್ಸಲ ಬಂದು ಹೋಗ್ತಾರೆ ಎಂದರು. ಮೆಟ್ಟಿಲು ಹತ್ತಿ ಒಳಬಂದ ಹುಡುಗನನ್ನು ನೋಡಿ ಚಂದ್ರಶೇಖರಯ್ಯನವರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ವಿಮಲಾಕ್ಷಿ ದೇವರ ಗೂಡಿನಲ್ಲಿ ಇಟ್ಟಿದ್ದ ಫೋಟೊದ ಮುಖ ಅದು. ಕೇದಾರ ಇವರನ್ನು ಎಂದೂ ಕಂಡವನಲ್ಲ. ಹಿರಿಯರು ಎಂದು ತಲೆಬಾಗಿ ನಮಸ್ಕರಿಸಿ ಪಾಠ ಶುರುಮಾಡಿದ.

ಪಾಠ ಅಂದರೆ ಅದು ಪಾಠ. ಅವನು ಮುಂದೆ ನಿಂತು ಭಾಷಣ ಬಿಗಿಯಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲಿ ಕೂತು, ಅವರು ಬರೆದದ್ದನ್ನು ಬೆರಳಿಟ್ಟು ಓದಿದ. ಶಫಿ ಅರ್ಧಕ್ಕೆ ಬಿಟ್ಟಿದ್ದ ಸಾಲನ್ನು ಅಳಿಸದೆ, ಅವನು ಯೋಚಿಸುತ್ತಿದ್ದ ದಾರಿಯಲ್ಲೇ ಮುಂದಕ್ಕೆ ನಡೆಸಿ ಗುರಿ ಮುಟ್ಟಿಸಿದ. ಚಂದ್ರಶೇಖರಯ್ಯನವರ ಮಾರುದ್ದದ ಬರವಣಿಗೆಯನ್ನು ಮೊದಲಿಂದ ಕೊನೆಯವರೆಗೆ ತಾಳ್ಮೆಯಿಂದ ಓದಿ, "ಸಾರ್, ನೀವು ಮುಂಚೆ ಮಷೀನ್ ಜೊತೆ ಕೆಲಸ ಮಾಡಿದೀರಾ? ಎಲ್ಲಿ ಕೆಟ್ಟುಹೋಗ್ಬಹುದು ಅಂತ ಮೊದಲೇ ಯೋಚ್ನೆ ಮಾಡಿ ಬರೆದಿದೀರಿ. ನಮ್ಮ ಆಫೀಸಲ್ಲಿ ಇದನ್ನ ಹೇಳಿ ಹೇಳಿ ಸಾಕಾಗಿದೆ ನನಗೆ" ಎಂದ. ಚಂದ್ರಶೇಖರಯ್ಯನವರಿಗೆ ಕಣ್ಣು ತುಂಬಿ ಬಂತು. ಇಂಥ ಹುಡುಗ ಸಿಕ್ಕರೆ ಬಿಡಬಾರದು ಎಂದು ಮನಸ್ಸು ಕುಣಿಯಿತು. ಅದರ ಬೆನ್ನಿಗೇ ಹಳೆಯ ಹೆದರಿಕೆ ಎದ್ದಿತು. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟರು.

"ಒಂದ್ ಮಾತು ಹೇಳಿ. ಈ ಪರ್ಲಿಗೆ ಮುಂದೆ ಭವಿಷ್ಯ ಇದೆಯಾ?"

ಕೇದಾರ ಮೇಡಂ ಕಡೆ ನೋಡಿದ. ಮೇಡಂ, ಇದ್ದದ್ದು ಹೇಳು ಎಂಬಂತೆ ಕೈಯಾಡಿಸಿದರು.

"ಸುಳ್ಳು ಹೇಳಲ್ಲ ಸಾರ್. ದೊಡ್ಡ ಕಂಪನಿಗಳು ಇದನ್ನ ಬಿಡ್ತಾ ಇದಾವೆ. ಒಂದೇ ಕೆಲಸಕ್ಕೆ ಹತ್ತು ದಾರಿ ಇರೋದು ನಮಗೆ ಖುಷಿ. ಸಾವಿರ ಜನ ಸೇರಿ ಬರೆಯೋ ಕಡೆ ಅದೇ ತಲೆನೋವು. ನಾನು ಬರೆದು ಹೋಗಿದ್ದು ನಾಳೆ ಬಂದವನಿಗೆ ಅರ್ಥ ಆಗಲ್ಲ. ಅವರದ್ದೂ ತಪ್ಪಿಲ್ಲ. ನಮ್ಮಲ್ಲೇ ಹೊಸ ಕೆಲಸ ಬರೋದು ನಿಂತಿದೆ, ಹಳೇದನ್ನ ನೋಡ್ಕೊಂಡಿದೀವಿ."

"ಮತ್ತೆ ಈ ಹುಡುಗರಿಗೆ ಯಾಕ್ರೀ ಹೇಳಿಕೊಡ್ತೀರಿ?"

"ಬೇರೆಯವರು ಬರೆದಿದ್ದನ್ನ ಮನಸ್ಸಿಟ್ಟು ಓದೋದು ಇಲ್ಲಿ ಕಲಿತೆ ಸಾರ್. ಅದನ್ನ ನನಗೆ ಕಾಲೇಜಲ್ಲಿ ಯಾರೂ ಹೇಳಿಕೊಡ್ಲಿಲ್ಲ. ಇವರು ನಾಳೆ ಯಾವ ಭಾಷೆಗೆ ಹೋದ್ರೂ ಅದು ಬೇಕು." ಆಮೇಲೆ ನಕ್ಕು ಹೇಳಿದ: "ಮುಂದಿನ ವಾರ ಹೆಣ್ಣು ನೋಡಕ್ಕೆ ಹೋಗ್ತಿದೀನಿ ಸಾರ್. ಅಲ್ಲೂ ಇದೇ ಪ್ರಶ್ನೆ ಬರುತ್ತೋ ಏನೋ. ನೀವು ಕೇಳಿದ್ದು ಒಳ್ಳೇದೇ ಆಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎಂಬಂತೆ ಚಂದ್ರಶೇಖರಯ್ಯನವರು ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. "ಹುಡುಗ ಅಪ್ಪಟ ಚಿನ್ನ ಕಣೇ. ಆದ್ರೆ ಭಾಷೆ ಮುಳುಗ್ತಾ ಇದೆ. ಅವನ ಬಾಯಿಂದ್ಲೇ ಕೇಳಿಸ್ಕೊಂಡೆ."

"ಅವನು ಮುಳುಗ್ತಾನೆ ಅಂತ ಯಾರು ಹೇಳಿದ್ರು?"

"ನಾನು ಮುಳುಗಲಿಲ್ವೇನೇ?"

ಈ ಮನೆಯಲ್ಲಿ ಆ ಮಾತು ಅಷ್ಟು ಬಿಚ್ಚಿ ಬಂದದ್ದು ಅದೇ ಮೊದಲು. ವಿಮಲಾಕ್ಷಿಯ ಬಾಯಿಗೆ ಒಂದು ಉತ್ತರ ಬಂದಿತ್ತು. ಹದಿನೈದು ವರ್ಷದಿಂದ ನುಂಗಿದಂತೆಯೇ ಅದನ್ನು ಇವತ್ತೂ ನುಂಗಿದರು. ಬರೋರನ್ನ ಬೇಡ ಅನ್ನಕ್ಕಾಗಲ್ಲ, ಬಂದು ಹೋಗ್ಲಿ, ಆಮೇಲೆ ನಿಮ್ಮಿಷ್ಟ ಎಂದಷ್ಟೇ ಹೇಳಿದರು. ಚಂದ್ರಶೇಖರಯ್ಯನವರಿಗೆ ಆ ಸಂಬಂಧ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು ಉಗುಳಲೂ ಆಗದು. ಕೊನೆಗೆ ಮಗಳ ಮುಖ ನೆನೆಸಿಕೊಂಡು, ಉಪ್ಪಿಟ್ಟು ಕೇಸರಿಭಾತ್ ಕೊಟ್ಟು ಮರ್ಯಾದೆಯಿಂದ ಇಲ್ಲ ಅನ್ನುವುದೆಂದು ಗಟ್ಟಿಮಾಡಿಕೊಂಡರು. ಬೇರೆ ಹೆಸರಿನಲ್ಲಿ ಹುಡುಗನ ಎದುರು ಕೂತು ಬಂದಿದ್ದೇನೆ, ಅವನು ಬಂದಾಗ ಗುರುತು ಹಿಡಿಯುತ್ತಾನೆ ಎಂಬ ಸರಳ ಸಂಗತಿ ಇಂಥ ಪತ್ತೇದಾರರ ತಲೆಗೆ ಹೊಳೆಯಲೇ ಇಲ್ಲ.

ಬಂದವರು ಇಬ್ಬರೇ, ಕೇದಾರ ಮತ್ತು ಶೇಷಮ್ಮ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕೇದಾರ ತಲೆಯೆತ್ತಿ, "ಶೇಖರ್ ಸಾರ್! ನೀವೇನ್ ಇಲ್ಲಿ?" ಎಂದ.

ಆಮೇಲೆ ಕೆಲವು ನಿಮಿಷ ಆ ಮನೆಯಲ್ಲಿ ಯಾರ ಮಾತು ಯಾರಿಗೂ ಕೇಳಲಿಲ್ಲ. ವಿಷಯ ಅರ್ಥವಾಗುತ್ತಲೇ ಶೇಷಮ್ಮ ಕೂತಲ್ಲಿಂದ ಎದ್ದರು. "ಏನ್ರೀ ಇದು? ಹೆಸರು ಬದಲಾಯಿಸ್ಕೊಂಡು ಹೋಗಿ ನಮ್ಮ ಹುಡುಗನ್ನ ಪರೀಕ್ಷೆ ಮಾಡಿದ್ರೇನು? ನಲವತ್ತು ವರ್ಷದಲ್ಲಿ ನಮ್ಮ ಮನೆತನದ ಮೇಲೆ ಯಾರೂ ಒಂದು ಬೆರಳು ತೋರಿಸಿಲ್ಲ. ನಡಿ ಕೇದಾರ."

ಒಳಗಿನಿಂದ ತಟ್ಟೆ ಹಿಡಿದು ಬಂದ ಶ್ರೇಯಾ ನಗು ತಡೆಯಲಾರದೆ ತಟ್ಟೆಯನ್ನು ಟಿ.ವಿ. ಮೇಲಿಟ್ಟು ಮುಖ ಮುಚ್ಚಿಕೊಂಡಳು. ಚಂದ್ರಶೇಖರಯ್ಯನವರು ಮಾತ್ರ ನೆಲ ನೋಡುತ್ತ ನಿಂತಿದ್ದರು. ಇಲ್ಲ ಅನ್ನಬೇಕೆಂದಿದ್ದವರು ತಾವು. ಈಗ ಬಂದವರೇ ಇಲ್ಲ ಎಂದು ಹೊರಟು ನಿಂತಿದ್ದರು. ಈ ಹುಡುಗ ಕೈಬಿಟ್ಟು ಹೋಗುವುದು ತಮಗೆ ಬೇಕಾಗಿಲ್ಲ ಎಂದು ಅವರಿಗೆ ಗೊತ್ತಾದದ್ದು ಆಗ.

"ಕೂತ್ಕೊಮ್ಮ" ಎಂದ ಕೇದಾರ. "ನಮ್ಮ ಕ್ಲಾಸಲ್ಲಿ ಮೊದಲು ಮೆಚ್ಚಿಗೆ ಹೇಳ್ಬೇಕು, ಆಮೇಲೆ ತಪ್ಪು. ಹೆಣ್ಣು ಕೊಡೋ ಮುಂಚೆ ಹುಡುಗನ ಸಂಬಳ ಕೇಳೋರನ್ನ ನೋಡಿದೀಯ, ಕೆಲಸ ಕಲಿತು ನೋಡಿದೋರನ್ನ ನೋಡಿದೀಯಾ? ಇವರು ಬಸ್ಸಲ್ಲಿ ಓಡಾಡಿ ಪರ್ಲ್ ಕಲಿತಿದಾರೆ. ನಾನೇ ಓದಿದೀನಿ ಇವರು ಬರೆದಿದ್ದು." ಆಮೇಲೆ ಚಂದ್ರಶೇಖರಯ್ಯನವರ ಕಡೆ ತಿರುಗಿದ. "ತಪ್ಪು ಹೇಳ್ತೀನಿ ಸಾರ್, ಬೇಜಾರ್ ಮಾಡ್ಕೋಬೇಡಿ. ಅನುಮಾನ ಇದ್ದಿದ್ರೆ ನನ್ನನ್ನೇ ಕೇಳ್ಬಹುದಿತ್ತು."

"ಹೌದು" ಎಂದರು ಚಂದ್ರಶೇಖರಯ್ಯನವರು. "ತಪ್ಪಾಯ್ತು."

ಶೇಷಮ್ಮ ಕೂತರು. ಕೂತು, ಹೆಡ್‌ಮಿಸ್ಟ್ರೆಸ್ಸಿನ ಗತ್ತಿನಲ್ಲಿ ಕೇಳಿದರು: "ಸರಿ. ಪರೀಕ್ಷೆ ಮುಗೀತಲ್ಲ, ಹೇಳಿ. ನಮ್ಮ ಹುಡುಗ ಪಾಸೋ ಫೇಲೋ?"

"ಅಮ್ಮ, ಅವರು ಹೇಳೋ ಮುಂಚೆ ನಾನೊಂದ್ ಹೇಳ್ಬೇಕು" ಎಂದ ಕೇದಾರ. "ನಿನಗೂ ಹೇಳಿಲ್ಲ. ಮೊನ್ನೆ ಆಫೀಸಲ್ಲಿ ಪರ್ಲ್ ಟೀಮ್ ಮುಚ್ತೀವಿ ಅಂದ್ರು. ಜಾವಾ ಟ್ರೈನಿಂಗಿಗೆ ಹೋಗಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ ಅಂತ. ಇಂದಿರಾನಗರದಲ್ಲೇ ಒಂದು ಕಂಪ್ಯೂಟರ್ ಸೆಂಟರಲ್ಲಿ ಬೆಳಗಿನ ಕ್ಲಾಸು. ನನ್ನ ಕೈಕೆಳಗೆ ಕೆಲಸ ಕಲಿತವನೇ ಅಲ್ಲಿ ಪಾಠ ಮಾಡೋದು. ಪಕ್ಕದಲ್ಲಿ ಕೂರೋರು ಈ ವರ್ಷ ಕಾಲೇಜು ಮುಗಿಸಿದೋರು. ಇಷ್ಟು ವರ್ಷ ಆಫೀಸಲ್ಲಿ ಯಾರಿಗೆ ಏನು ಗೊತ್ತಾಗ್ದಿದ್ರೂ ನನ್ನನ್ನ ಕೇಳ್ತಿದ್ರು. ಈಗ ಅಲ್ಲಿ ಹೋಗಿ ಏನೂ ಗೊತ್ತಿಲ್ಲದವನಾಗಿ ಕೂರಬೇಕು. ನನಗೆ ಭಯ ಆಗ್ತಿದೆ. ಹೋಗ್ತೀನೋ ಇಲ್ವೋ ಇನ್ನೂ ಆಫೀಸಿಗೆ ಹೇಳಿಲ್ಲ."

ಅಡುಗೆಮನೆಯ ಬಾಗಿಲಲ್ಲಿದ್ದ ವಿಮಲಾಕ್ಷಿಯ ಕೈ ಕಾಫಿ ಲೋಟದ ಮೇಲೆಯೇ ನಿಂತಿತು. ಅವರು ಗಂಡನ ಮುಖ ನೋಡಲು ಹೆದರಿ ಸೆರಗಿನ ತುದಿ ನೋಡತೊಡಗಿದರು.

ಮೊದಲು ಮಾತಾಡಿದವಳು ಶ್ರೇಯಾ. "ಹೆಣ್ಣು ನೋಡಕ್ಕೆ ಬಂದ ಮನೇಲಿ ಯಾರಾದ್ರೂ ಭಯ ಆಗ್ತಿದೆ ಅಂತ ಹೇಳ್ತಾರಾ?" ಎಂದಳು. ಈಗ ಅವಳು ನಗುತ್ತಿರಲಿಲ್ಲ. "ನನಗೆ ಒಪ್ಪಿಗೆ ಅಪ್ಪ. ನಿಮ್ಮದು ನೀವು ಹೇಳಿ."

ಎಲ್ಲರೂ ಚಂದ್ರಶೇಖರಯ್ಯನವರ ಕಡೆ ನೋಡಿದರು. ಅವರು ಎದ್ದರು. ಕೇದಾರನ ಎದುರಿನ ಕುರ್ಚಿ ಬಿಟ್ಟು, ಅವನ ಪಕ್ಕದ ಕುರ್ಚಿಗೆ ಬಂದು ಕೂತರು.

"ಹೋಗಿ" ಎಂದರು. "ಹೋಗದೆ ಇರ್ಬೇಡಿ. ಹೋಗದೆ ಇದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು." ಆಮೇಲೆ ಕೇಳಿದರು: "ಆ ಕ್ಲಾಸಿಗೆ ಹೊರಗಿನೋರನ್ನ ಸೇರಿಸ್ಕೊಳ್ತಾರಾ?"

"ಸೇರಿಸ್ಕೊಳ್ತಾರೆ ಸಾರ್. ಯಾಕೆ?"

"ನಾನೂ ಬರ್ತೀನಿ. ಇಬ್ಬರೂ ಕೊನೇ ಬೆಂಚಲ್ಲಿ ಕೂತ್ಕೊಳ್ಳೋಣ. ನಿಮಗಿಂತ ದಡ್ಡ ಒಬ್ಬ ಪಕ್ಕದಲ್ಲಿದ್ರೆ ನಿಮಗೆ ಭಯ ಆಗಲ್ಲ."

ಕೇದಾರ ಅವರ ಕೈ ಹಿಡಿದುಕೊಂಡ. ಶ್ರೇಯಾ ಅಪ್ಪನನ್ನೇ ನೋಡುತ್ತ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ವಿಮಲಾಕ್ಷಿ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಈ ಮನೆಯ ಹಿಂದುಮುಂದು ಒಂದೂ ತಿಳಿಯದ ಶೇಷಮ್ಮ ಗಾಬರಿಯಿಂದ ಎದ್ದು ಹೋಗಿ ಅವರ ಹೆಗಲು ಹಿಡಿದರು.

"ಯಾಕ್ರೀ ಅಳ್ತೀರಿ? ಮಗಳನ್ನ ಕಳಿಸೋದು ಇನ್ನೂ ಎಷ್ಟೋ ದಿನ ಇದೆ."

"ಅದಕ್ಕಲ್ಲ ಕಣ್ರೀ" ಎಂದರು ವಿಮಲಾಕ್ಷಿ. "ನಮ್ಮೆಜಮಾನ್ರು ಟ್ರೈನಿಂಗಿಗೆ ಹೋಗ್ತಾರಂತೆ."